ವಿಮಲಾಳಿಗೆ ಗೊತ್ತಿಲ್ಲದ ಒಂದು ಹೆಸರು

೨೦೦೫ನೆಯ ಇಸವಿ, ಫೆಬ್ರುವರಿ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ, ಉಣಕಲ್ಲಿನಲ್ಲಿರುವ ನನ್ನ ಕಾಕಾನ ಮಗಳು ವಿಮಲಾಳ ಮನೆ. ಹಾಜರಿದ್ದವರು ವಿಮಲಾ, ಅವಳ ಮಗ ಶರಣು, ಸೊಸೆ ಕವಿತಾ, ಗದಗಿನಿಂದ ಬಂದಿದ್ದ ಮಗಳು ಶೈಲಾ, ಇನ್ನೂ ಹೆಸರಿಲ್ಲದ ಒಂದು ಹೆಣ್ಣು ಕೂಸು, ಮತ್ತು ನಾನು. ವಿಮಲಾಳ ಯಜಮಾನರು ಪೇಢೆ ತರಲು ಹೋಗಿದ್ದರು. ಹತ್ತು ಗಂಟೆಗೆ ಕೂಸನ್ನು ತೊಟ್ಟಿಲಿಗೆ ಹಾಕುವುದು ಎಂದು ಫೋನಿನಲ್ಲಿ ಹೇಳಿದ್ದರು. ಹತ್ತು ಗಂಟೆಗೆ ಬಂದ ಅತಿಥಿ ನಾನೊಬ್ಬಳೇ. ತೊಟ್ಟಿಲು ಇನ್ನೂ ಅಟ್ಟದ ಮೇಲಿತ್ತು.

"ಬಂದ್ಲು ನೋಡ್ರಿ ಮೇಟ್ರನ್ ಬಾಯಿ," ಎಂದು ವಿಮಲಾ ಅಡಿಗೆಮನೆಯಿಂದಲೇ ಕೂಗಿದಳು. "ಗಡಿಯಾರ ತಪ್ಪೀತು, ಇಕಿ ತಪ್ಪಂಗಿಲ್ಲ. ನಮ್ಮ ಮನ್ಯಾಗ ಹತ್ತು ಅಂದ್ರ ಹನ್ನೆರಡು ಅಂತ ಇನ್ನೂ ತಿಳೀಲಿಲ್ಲೇನ ನಿಂಗ?"

ನಾನು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಮೊದಲು ನರ್ಸ್ ಆಗಿ, ಆಮೇಲೆ ಮೇಟ್ರನ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ಹತ್ತು ಎಂದರೆ ನನಗೆ ಹತ್ತೇ. ಚಪ್ಪಲಿಯನ್ನು ಗೋಡೆಗೆ ಸರಿಯಾಗಿ ಇಟ್ಟು, ಅಲ್ಲಿದ್ದ ಉಳಿದವರ ಚಪ್ಪಲಿಗಳನ್ನೂ ಸಾಲಾಗಿ ಜೋಡಿಸಿ ಒಳಗೆ ಹೋದೆ. ಅಷ್ಟರಲ್ಲಿ ಶರಣು ತೊಟ್ಟಿಲನ್ನು ಇಳಿಸಿದ. ಶೈಲಾ ಟ್ರಂಕಿನಿಂದ ಒಂದು ಹಳೆಯ ಕೌದಿ ತೆಗೆದು ಅದರಲ್ಲಿ ಹಾಸಿದಳು. ನೋಡಿದ ಕೂಡಲೇ ಗುರುತು ಹತ್ತಿತು. ಅದು ನಮ್ಮ ಅಜ್ಜಿ ಹೊಲಿದ ಕೌದಿ. ನಡುವೆ ನೀಲಿಯ ಮೇಲೆ ಬಿಳಿ ಚುಕ್ಕೆ ಇರುವ ಒಂದು ತುಂಡಿದೆ. ಅದು ನನ್ನ ಫ್ರಾಕಿನದು. ಫ್ರಾಕು ನನ್ನದು, ಕೌದಿ ವಿಮಲಾಳದು. ನನ್ನ ಬಾಲ್ಯವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ಬರುವುದಿಲ್ಲ.

ನನ್ನ ಅಪ್ಪ ರೈಲ್ವೆಯಲ್ಲಿ ಗಾರ್ಡ್. ಲೋಂಡಾ, ಮೀರಜ, ಗದಗ ಎಂದು ಕ್ವಾರ್ಟರ್ಸಿನಿಂದ ಕ್ವಾರ್ಟರ್ಸಿಗೆ ನಾವು ಸಾಗುತ್ತಿದ್ದೆವು. ಮನೆಯಲ್ಲಿಯೂ ಅಪ್ಪ ಸೀಟಿ ಊದದೇ ಇದ್ದದ್ದೇ ದೊಡ್ಡದು. ಏಳುವುದಕ್ಕೊಂದು ಹೊತ್ತು, ಉಣ್ಣುವುದಕ್ಕೊಂದು ಹೊತ್ತು. ಹೊತ್ತು ತಪ್ಪಿದರೆ ಊಟದ ಗಾಡಿ ಹೋದಂತೆಯೇ. ಬೇಸಿಗೆಯ ರಜೆಯಲ್ಲಿ ಮಾತ್ರ ಉಣಕಲ್ಲಿಗೆ ಬರುತ್ತಿದ್ದೆವು. ಅಲ್ಲಿ ಕಾಕಾ ಇದ್ದ, ಅಜ್ಜಿ ಇದ್ದಳು, ಮತ್ತು ಕಾಕಾನ ಒಬ್ಬಳೇ ಮಗಳು ವಿಮಲಾ ಇದ್ದಳು. ಅವಳು ನನ್ನ ವಾರಿಗೆಯವಳು. ರಾತ್ರಿ ಅವಳು ಅಜ್ಜಿಯ ಬಗಲಲ್ಲಿ, ಆ ಕೌದಿಯೊಳಗೆ. ನಾನು? "ಪ್ರಭಾ ಊರಿಂದ ಬಂದ ಕೂಸು, ಆಕಿಗೆ ಗಾದಿ ಹಾಸ್ರಿ," ಎಂದು ಅಜ್ಜಿ ನನಗೆ ಬೇರೆ ಗಾದಿ ಹಾಸಿಸುತ್ತಿದ್ದಳು. ಮರ್ಯಾದೆ ನನಗೆ, ಅಜ್ಜಿ ವಿಮಲಾಳಿಗೆ. ಗಾದಿಯ ಮೇಲೆ ಮಲಗಿ ನಾನು ಅವರಿಬ್ಬರ ಗುಸುಗುಸು ಕೇಳುತ್ತಿದ್ದೆ. ಮಾತು ತಿಳಿಯುತ್ತಿರಲಿಲ್ಲ, ನಗು ಮಾತ್ರ ಕೇಳಿಸುತ್ತಿತ್ತು.

ಮುಂದೆ ಕಾಕಾ ಅಳಿಯನನ್ನೇ ಮನೆಗೆ ತಂದುಕೊಂಡಿದ್ದರಿಂದ ವಿಮಲಾ ಆ ಮನೆ ಬಿಟ್ಟು ಕದಲಲೇ ಇಲ್ಲ. ಅಜ್ಜಿಯ ಒರಳು, ಅಜ್ಜಿಯ ಕೌದಿ, ಅಜ್ಜಿಯ ನೆನಪು ಎಲ್ಲವೂ ಅವಳಿಗೇ. ನಾನು ಮದುವೆಯಾಗಲಿಲ್ಲ. ಗೋಕುಲ ರಸ್ತೆಯ ಬದಿಗೆ ಒಂದು ಪುಟ್ಟ ಮನೆ ಮಾಡಿಕೊಂಡೆ. ರಜೆಯ ದಿನ ಉಣಕಲ್ಲಿಗೆ ಹೋದರೆ ವಿಮಲಾ ಏನು ಮಾಡುತ್ತಿದ್ದರೂ ಅದರೊಳಗೆ ಅಜ್ಜಿ ಬರುತ್ತಿದ್ದಳು. "ಅಜ್ಜಿ ಶೇಂಗಾ ಹುರಿಯೂಮುಂದ ಒಂದು ಹಿಡಿ ಉಸುಕು ಹಾಕ್ತಿದ್ಲು. ನಿಂಗೊತ್ತಿಲ್ಲ ಬಿಡು." "ಅಜ್ಜಿಗೆ ಬದನಿಕಾಯಿ ಅಂದ್ರ ಪ್ರಾಣ. ನಿಂಗೊತ್ತಿಲ್ಲ ಬಿಡು." ಈ 'ನಿಂಗೊತ್ತಿಲ್ಲ ಬಿಡು' ಎಂಬುದನ್ನು ಅವಳು ಕೆಡುಕಿನಿಂದ ಹೇಳುತ್ತಿರಲಿಲ್ಲ, ವಾಕ್ಯ ಮುಗಿಸುವ ಅವಳ ರೂಢಿ ಅದು. ಆದರೆ ಪ್ರತಿ ಸಲವೂ ನನಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಚುಚ್ಚುವುದು ನನ್ನ ಉದ್ಯೋಗವಾದ್ದರಿಂದ, ಚುಚ್ಚಿಸಿಕೊಳ್ಳುವುದು ಇನ್ನಷ್ಟು ಅಸಹ್ಯವಾಗುತ್ತಿತ್ತು.

ನಿವೃತ್ತಳಾದ ವರ್ಷ, ೧೯೯೭ರಲ್ಲಿ, ಒಂದು ಮುಂಜಾನೆ ಅಲ್ಲಿಗೆ ಹೋದರೆ ಕಟ್ಟೆಯ ಮುಂದೆ ಎತ್ತು ನಿಂತಿತ್ತು. ಕೊರಳಲ್ಲಿ ಗಂಟೆ, ಬೆನ್ನಿನ ಮೇಲೆ ಗಂಟು. ನಮ್ಮ ಮನೆತನದ ಹೆಳವ ಬಂದಿದ್ದ. ನಮ್ಮ ಕಡೆಯ ಓದುಗರಿಗೆ ಹೆಳವರನ್ನು ಪರಿಚಯಿಸಬೇಕಿಲ್ಲ. ಉಳಿದವರಿಗೆ ಇಷ್ಟು ಹೇಳುತ್ತೇನೆ: ಮನೆತನಗಳ ವಂಶಾವಳಿಯನ್ನು ಹೊತ್ತುಕೊಂಡು ಊರೂರು ತಿರುಗುವವರು ಅವರು. ಕೆಲವು ವರ್ಷಕ್ಕೊಮ್ಮೆ ಬಂದು, ಬಾಗಿಲಲ್ಲಿ ನಿಂತು, ನಿಮ್ಮ ಹಿರಿಯರನ್ನು ನಿಮಗೇ ಹೇಳಿ, ಕಾಳುಕಡಿ ತೆಗೆದುಕೊಂಡು ಹೋಗುತ್ತಾರೆ. ವಿಮಲಾ ಎತ್ತಿಗೆ ರೊಟ್ಟಿ ತಿನ್ನಿಸುತ್ತ ನಿಂತಿದ್ದಳು. ಹೆಳವ ಏಳು ತಲೆಮಾರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಯಾವ ಶ್ರಮವೂ ಇಲ್ಲದೆ, ತಲೆ ಕೂಡ ಬಾಚಿಕೊಳ್ಳದೆ, ಏಳು ತಲೆಮಾರು ಅವಳ ಬಾಗಿಲಿಗೆ ಬಂದು ನಿಂತಿದ್ದವು. ಹೆಳವ ಹಿರಿಯ ಮನೆಗೆ ಬರುತ್ತಾನೆ. ಗೋಕುಲ ರಸ್ತೆಯ ಒಂಟಿ ಹೆಂಗಸಿನ ಮನೆಗೆ ಯಾಕೆ ಬಂದಾನು?

ನಾನು ಕೇಳಿದೆ: "ಎಲ್ಲಾ ಗಂಡಸರ ಹೆಸರs ಆದವಲ್ಲಪಾ. ನಮ್ಮ ಅಜ್ಜಿ ಗಂಗವ್ವ, ಆಕಿ ತವರಮನಿ ಬಗ್ಗೆ ಏನರ ಗೊತ್ತೈತೇನು?"

"ತವರಿನ ಸುದ್ದಿ ಆ ತವರಿನ ಹೆಳವರ ಕಡೆ ಇರತೈತ್ರಿ ತಾಯಿ. ನಮ್ಮದು ಈ ಮನಿ ಬಳ್ಳಿ ಅಷ್ಟ."

ವಿಮಲಾಳ ಕಡೆ ತಿರುಗಿದೆ. ಅವಳು ರೊಟ್ಟಿ ಹರಿಯುತ್ತ ಹೇಳಿದಳು: "ಅಣ್ಣಿಗೇರಿ ಅಂಗಡ್ಯಾರು ಅಂತ ಅಂತಿದ್ಲು. ಮುಂದ ನಂಗೊತ್ತಿಲ್ಲವಾ."

ನಂಗೊತ್ತಿಲ್ಲ! ಅಜ್ಜಿಯ ವಿಷಯದಲ್ಲಿ ಈ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಎಲ್ಲರೂ ತಮ್ಮ ಮೂಲವನ್ನು ಹುಡುಕಲು ಹೊರಡುವುದು ಹಿರಿಯರ ಮೇಲಿನ ಗೌರವದಿಂದ ಎಂದು ಹೇಳುತ್ತಾರೆ. ನಾನು ಹೊರಟದ್ದು ಆ ಒಂದು ಶಬ್ದದಿಂದ. ಅಜ್ಜಿಯ ಬಗ್ಗೆ ವಿಮಲಾಳಿಗೆ ಗೊತ್ತಿಲ್ಲದ ಒಂದೇ ಒಂದು ಸಂಗತಿ ನನಗೆ ಬೇಕಾಗಿತ್ತು. ಅದು ಅಣ್ಣಿಗೇರಿಯಲ್ಲಿತ್ತು, ಅಥವಾ ಧಾರವಾಡದ ಯಾವುದಾದರೂ ಕಪಾಟಿನಲ್ಲಿತ್ತು.

ಸೋಮವಾರವನ್ನು ಆ ಕೆಲಸಕ್ಕೆ ಗೊತ್ತು ಮಾಡಿಕೊಂಡೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹುಬ್ಬಳ್ಳಿಯಿಂದ ಧಾರವಾಡದ ಬಸ್ಸು. ದಾರಿಯಲ್ಲಿ ಉಣಕಲ್ ಬರುತ್ತದೆ. ಆಗ ನಾನು ಮುಖವನ್ನು ಕೆರೆಯ ಕಡೆ ತಿರುಗಿಸಿಕೊಳ್ಳುತ್ತಿದ್ದೆ. ವಿಮಲಾ ಓಣಿಯ ಬಾಯಲ್ಲಿ ಕಾಯಿಪಲ್ಯ ಕೊಳ್ಳುತ್ತ ನಿಂತಿದ್ದರೆ ಕೈಮಾಡಿ ಕರೆದು ಎಲ್ಲಿಗೆ ಹೊರಟೆ ಎಂದು ಕೇಳಿಯಾಳು. ಹಳೆಯ ಸರಕಾರಿ ಕಾಗದಪತ್ರಗಳನ್ನು ಇಟ್ಟಿರುವ ಪತ್ರಾಗಾರ ನನಗೆ ಮೊದಲ ದಿನವೇ ಹಿಡಿಸಿತು. ಚೀಲ ಹೊರಗೆ. ಪೆನ್ನು ಹೊರಗೆ. ಒಳಗೆ ಪೆನ್ಸಿಲ್ ಮಾತ್ರ. ಕೈ ತೊಳೆದು ಕೂಡಬೇಕು, ಎಂಜಲು ಹಚ್ಚಿ ಹಾಳೆ ತಿರುವಬಾರದು. ಆಪರೇಷನ್ ಥಿಯೇಟರಿನ ನಂತರ ನನ್ನ ಮನಸ್ಸಿಗೆ ಒಪ್ಪುವಂಥ ಜಾಗ ಎಂದರೆ ಅದೊಂದೇ. ಪೆನ್ಸಿಲನ್ನು ಹಿಂದಿನ ರಾತ್ರಿಯೇ ಚೂಪು ಮಾಡಿಟ್ಟುಕೊಳ್ಳುತ್ತಿದ್ದೆ. ಹಳೆಯ ಮುಂಬಯಿ ಪ್ರಾಂತದ ಕಾಗದಗಳಲ್ಲಿ ಮರಾಠಿಯ ಮೋಡಿ ಅಕ್ಷರ ಬರುತ್ತದೆಂದು ತಿಳಿದು, ಆ ಅಕ್ಷರವನ್ನೂ ಕಲಿಯಲು ಕುಳಿತೆ. ಮೋಡಿ ಎಂದರೆ ಡಾಕ್ಟರರ ಚೀಟಿ ಇದ್ದಂತೆ. ಜೀವಮಾನವಿಡೀ ಡಾಕ್ಟರರ ಚೀಟಿ ಓದಿದವಳಿಗೆ ಅದು ಅಷ್ಟು ಕಷ್ಟವಾಗಲಿಲ್ಲ.

ಮುಂದೆ ಒಂದು ದಿನ ಸಿಕ್ಕಳು! ಅಣ್ಣಿಗೇರಿಯ ಅಂಗಡಿ ಮನೆತನದ ಗಂಗವ್ವ. ಜಮೀನಿನ ಕಾಗದವೊಂದರಲ್ಲಿ ಅವಳ ಹೆಸರು. ಗುಡಿಗೆ ಎರೆಹೊಲ ಬಿಟ್ಟುಕೊಟ್ಟಿದ್ದಳು. ಎರೆಹೊಲ! ನಮ್ಮ ಅಜ್ಜಿ ಹೊಲಗಳನ್ನು ದಾನ ಮಾಡುವಂಥ ಮನೆಯಿಂದ ಬಂದವಳು! ಆ ಸಂಜೆ ಬಸ್ಸು ಉಣಕಲ್ಲಿಗೆ ಬಂದಾಗ ನಾನು ಕೆರೆಯ ಕಡೆ ನೋಡಲಿಲ್ಲ. ಇಳಿದೇ ಬಿಟ್ಟೆ. ವಿಮಲಾ ಬಾಯಿ ತೆರೆದು ಕೇಳಿದಳು. "ಖರೇ ಏನ? ನನಗ ಅಜ್ಜಿ ಹೇಳಲs ಇಲ್ಲಲ್ಲ," ಎಂದಳು. ನನ್ನ ಚಹಾ ಆ ದಿನ ಎಷ್ಟು ರುಚಿಯಾಗಿತ್ತು! ಆದರೆ ವಾರದೊಳಗೆ ಅವಳು ಇಡೀ ಓಣಿಗೆ ಅದನ್ನು ಹೇಳಿ ಮುಗಿಸಿದಳು. ಅವಳ ಬಾಯಲ್ಲಿ ಎರೆಹೊಲದ ಜೊತೆಗೆ ಒಂದು ಬಾವಿ, ಎರಡು ಕುದುರೆ ಸೇರಿಕೊಂಡಿದ್ದವು. ಕೇಳಿದವರೆಲ್ಲ, "ಭಾಳ ಛಲೋ ಹೇಳ್ತೀರಿ ವಿಮಲಕ್ಕ," ಎಂದರಂತೆ. ಹುಡುಕಿದವಳು ನಾನು, ಛಲೋ ಎನ್ನಿಸಿಕೊಂಡವಳು ಅವಳು.

ಅದು ಸುಳ್ಳೆಂದು ತಿಳಿದದ್ದು ಒಂದು ತಿಂಗಳ ಮೇಲೆ. ಆ ಗಂಗವ್ವ ವಿಧವೆಯೆಂದು ಕಾಗದದಲ್ಲೇ ಇತ್ತು. ಅಂಗಡಿ ಮನೆಯ ಸೊಸೆ ಅವಳು. ನಮ್ಮ ಅಜ್ಜಿ ಹುಟ್ಟುವ ಮೊದಲೇ ಮುದುಕಿಯಾಗಿದ್ದವಳು. ನಾನು ಹುಡುಕಬೇಕಾಗಿದ್ದದ್ದು ಆ ಮನೆಯಿಂದ ಹೊರಗೆ ಹೋದ ಮಗಳನ್ನು. ಹೆಸರು ಒಂದೇ ಎಂಬ ಸಂತೋಷದಲ್ಲಿ ಬಾಗಿಲಿನ ಒಳಗೆ, ಹೊರಗೆ ಎಂಬುದನ್ನೇ ಮರೆತಿದ್ದೆ. ವಿಮಲಾಳಿಗೆ ತಿಳಿಸಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೋಗ್ಲಿ ಬಿಡs, ಎರಡು ಕುದರಿ ಹೋದ್ವು," ಎಂದಳು. ನಗುವುದಾದರೂ ನನಗಿಂತ ಮೊದಲು ಅವಳೇ.

ಇನ್ನೊಮ್ಮೆ ಅವಳೇ ಹಟಹಿಡಿದು ನನ್ನ ಜೊತೆ ಗ್ರಂಥಾಲಯಕ್ಕೆ ಬಂದಳು. ಹಳೆಯ ಪತ್ರಿಕೆಗಳ ದಪ್ಪ ಸಂಪುಟಗಳಲ್ಲಿ ಅಣ್ಣಿಗೇರಿಯ ಸುದ್ದಿ ಹುಡುಕುವುದು ಅಂದಿನ ಕೆಲಸ. ನಾನು ಹಾಳೆ ತಿರುವುತ್ತಿದ್ದೆ. ಅವಳು ಸ್ವಲ್ಪ ಹೊತ್ತು ಒಂದು ಕೂದಲೆಣ್ಣೆಯ ಜಾಹೀರಾತು ನೋಡಿದಳು, ಆಮೇಲೆ ಪಕ್ಕದ ಮೇಜಿನ ಹೆಂಗಸಿನ ಕಡೆ ತಿರುಗಿ, "ನಿಮ್ಮ ತವರು ಯಾವೂರ್ರಿ?" ಎಂದಳು. ಆ ಹೆಂಗಸು ಓದುವುದನ್ನು ಬಿಟ್ಟೇಬಿಟ್ಟಳು. ಇಬ್ಬರೂ ಮೊದಲು ಪಿಸುಗುಟ್ಟಿದರು, ಆಮೇಲೆ ಪಿಸುಗುಟ್ಟಲಿಲ್ಲ. ನಾನು "ಶ್ಶ್" ಎಂದೆ. ಗ್ರಂಥಪಾಲಕರು ಎದ್ದು ಬಂದು ನನ್ನನ್ನೇ ನೋಡಿ, "ಬಾಯಾರ, ಇಲ್ಲೆ ಶಾಂತ ಇರಬೇಕ್ರಿ," ಎಂದರು. ವರ್ಷಗಟ್ಟಲೆ ವಾರ್ಡಿನಲ್ಲಿ ಉಳಿದವರನ್ನು ಸುಮ್ಮನಿರಿಸಿದವಳಿಗೆ ಆ ದಿನ ಆ ಮಾತು ಬಂತು. ವಿಮಲಾ ಹೊರಗೆ ಬರುವಾಗ ಆ ಹೆಂಗಸಿನ ಮನೆಗೆ ಉಪ್ಪಿನಕಾಯಿ ಕೊಡಲು ಹೋಗುವುದನ್ನು ಗೊತ್ತು ಮಾಡಿಕೊಂಡಿದ್ದಳು. ನಾನು ಅಲ್ಲಿಗೆ ಅಷ್ಟು ದಿನ ಹೋದರೂ ಒಂದು ನಮಸ್ಕಾರ ಸಂಪಾದಿಸಿರಲಿಲ್ಲ.

ಇಲ್ಲಿ ನನ್ನ ಮಂದಬುದ್ಧಿಯ ಬಗ್ಗೆ ಎರಡು ಮಾತು. ನಮ್ಮ ಮನೆಗಳಲ್ಲಿ ಸೊಸೆ ಅತ್ತೆಯ ಹೆಸರು ಹೇಳುವುದಿಲ್ಲ. ನನ್ನ ತಾಯಿ ಎಷ್ಟು ಕಟ್ಟುನಿಟ್ಟೆಂದರೆ, ಅತ್ತೆ ಗಂಗವ್ವ ಎಂದು ಊಟದ ಗಂಗಾಳಕ್ಕೆ ಕೂಡ ಗಂಗಾಳ ಎನ್ನದೆ 'ತಾಟು' ಎನ್ನುತ್ತಿದ್ದಳು. ಅದಷ್ಟೇ ಅಲ್ಲ, ಮದುವೆಯಾಗಿ ಬಂದ ಹುಡುಗಿಯ ಹೆಸರನ್ನೇ ಗಂಡನ ಮನೆಯಲ್ಲಿ ಬದಲಿಸುವ ಪದ್ಧತಿಯೂ ಇತ್ತು. ಇದು ನನಗೆ ಚೆನ್ನಾಗಿ ಗೊತ್ತು. ಆಸ್ಪತ್ರೆಗೆ ಹೆರಿಗೆಗೆ ಬಂದ ಎಷ್ಟೋ ಹೆಂಗಸರ ಹೆಸರು ಕೇಳಿದರೆ, "ಯಾವ ಹೆಸರ್ರಿ? ತವರಮನೀದೋ, ಗಂಡನ ಮನೀದೋ?" ಎಂದು ಅವರೇ ಕೇಳುತ್ತಿದ್ದರು. ನಾನೇ ಎರಡನ್ನೂ ಬರೆದುಕೊಂಡಿದ್ದೇನೆ. ನನ್ನ ತಾಯಿಯೇ ಸರಸ್ವತಿಯಾಗಿ ಹುಟ್ಟಿ ಪಾರ್ವತಿಯಾಗಿ ಸತ್ತವಳು. ಇಷ್ಟಿದ್ದೂ ಅಣ್ಣಿಗೇರಿಯ ಕಾಗದಗಳಲ್ಲಿ ಒಂದರ ಮೇಲೊಂದು ಗಂಗವ್ವನನ್ನು ಹುಡುಕುತ್ತ ಹೋದೆನೇ ಹೊರತು, ಆ ಊರಿನಲ್ಲಿ ಅಜ್ಜಿ ಗಂಗವ್ವನೇ ಆಗಿರಲಿಕ್ಕಿಲ್ಲ ಎಂದು ಒಂದು ದಿನವೂ ಹೊಳೆಯಲಿಲ್ಲ. ಅಜ್ಜಿ ಎಂದರೆ ಹುಟ್ಟುತ್ತಲೇ ಅಜ್ಜಿ. ಅವಳಿಗೊಂದು ಹುಡುಗಿಯ ಹೆಸರು ಎಲ್ಲಿಂದ ಬರಬೇಕು?

ಸೋಮವಾರಗಳು ಹೀಗೆ ಹೋದವು. ೨೦೦೩ರ ಹೊತ್ತಿಗೆ ನಮ್ಮ ಗೋಕುಲ ರಸ್ತೆಯಲ್ಲಿ ಝೆರಾಕ್ಸ್ ಅಂಗಡಿಗಳೆಲ್ಲ ಸೈಬರ್ ಕೆಫೆಗಳಾಗುತ್ತಿದ್ದವು. ಬಳಿಯ ಅಂಗಡಿಯ ಮಾಲಕರಿಗೆ ನಾನು ಹಿಂದೆ ಕಾಲಿಗೆ ಪಟ್ಟಿ ಕಟ್ಟಿದ್ದೆನಂತೆ. ಅವರು ನನಗೆ ಇಂಟರ್‌ನೆಟ್ ತೋರಿಸಿಕೊಟ್ಟರು. ಮನೆತನಗಳನ್ನು ಹುಡುಕುವವರಿಗಾಗಿಯೇ ಅಲ್ಲಿ ಒಂದು ಫಲಕವಿತ್ತು. ಯಾರು ಬೇಕಾದರೂ ಪ್ರಶ್ನೆ ಬರೆದು ಅಂಟಿಸಬಹುದು, ಜಗತ್ತಿನ ಯಾವ ಮೂಲೆಯವರಾದರೂ ಉತ್ತರಿಸಬಹುದು. ನಾಡಿ ಹಿಡಿದಂತೆ ಒಂದೇ ಬೆರಳಿನಿಂದ ಒತ್ತುತ್ತ ಬರೆದೆ: ಅಣ್ಣಿಗೇರಿಯ ಅಂಗಡಿ ಮನೆತನ, ಉಣಕಲ್ಲಿಗೆ ಕೊಟ್ಟ ಮಗಳು, ತಿಳಿದವರು ತಿಳಿಸಬೇಕು. ಮಾಲಕರು ಪರದೆ ನೋಡಿ, "ಏನ್ರಿ ಸಿಸ್ಟರ್, ಜಾತ್ರಿ ಗದ್ದಲದಾಗ ತಪ್ಪಿಸಿಕೊಂಡಾರೇನ್ರಿ ಯಾರರ?" ಎಂದರು.

ವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದೆ. ಉತ್ತರವಿಲ್ಲ. ನನ್ನ ಪ್ರಶ್ನೆಯ ಕೆಳಗೂ ಮೇಲೂ ಉಳಿದವರ ಪ್ರಶ್ನೆಗಳಿಗೆ ಉತ್ತರಗಳು ಬಂದು ಬೀಳುತ್ತಿದ್ದವು. ಯಾರಿಗೋ ಅವರ ಮುತ್ತಜ್ಜ ಸಿಕ್ಕ, ಇನ್ಯಾರಿಗೋ ಮುತ್ತಜ್ಜನ ಫೋಟೋ ಕೂಡ ಸಿಕ್ಕಿತು. ಮುಖ ನೋಡದ ಆ ಜನರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನಂಬುತ್ತೀರಾ? ಒಂದೂವರೆ ವರ್ಷವಾದ ಮೇಲೆ, ಅಂದರೆ ಮೊದಲು ಹೇಳಿದ ಭಾನುವಾರಕ್ಕೆ ಕೆಲವೇ ವಾರ ಮುಂಚೆ, ಸೊಲ್ಲಾಪುರದಿಂದ ಒಬ್ಬರು ಬರೆದರು. ಅವರ ಅಜ್ಜನ ಮನೆ ಅಣ್ಣಿಗೇರಿಯ ಅಂಗಡಿಯವರದು. ಅಣ್ಣತಮ್ಮಂದಿರು ಬೇರೆಯಾದ ಮೇಲೆ ಅವರ ಕಡೆಯವರು ಸೊಲ್ಲಾಪುರ ಸೇರಿದರಂತೆ. ಉಣಕಲ್ಲಿಗೆ ಕೊಟ್ಟ ಸಂಗತಿ ತಮಗೆ ತಿಳಿಯದು, ಆದರೆ ಶಿವಕ್ಕ ಎಂಬ ತಮ್ಮ ಹಿರಿಯ ಸೋದರತ್ತೆ ಇನ್ನೂ ಇದ್ದಾರೆ, ಅವರನ್ನು ಕೇಳಿ ಎಂದಿದ್ದರು. ಶಿವಕ್ಕ ಇದ್ದದ್ದೆಲ್ಲಿ? ಧಾರವಾಡದಲ್ಲಿ. ನಾನು ಪ್ರತಿ ಸೋಮವಾರ ಇಳಿಯುವ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರ.

ಶಿವಕ್ಕ ತೊಂಬತ್ತರ ಹತ್ತಿರದವರು. ಕಿವಿ ಚುರುಕು, ಹಲ್ಲು ಒಂದೂ ಇಲ್ಲ. ಮೊಮ್ಮಗನ ಮನೆಯ ಹಿಂದಿನ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಕೂತಿದ್ದರು. ನಾನು ಹೇಳಿದೆ: "ಉಣಕಲ್ಲಿಗೆ ಕೊಟ್ಟಿದ್ದ ಗಂಗವ್ವ ಅಂತ..."

"ಗಂಗವ್ವ ಯಾರ? ನಮ್ಮಲ್ಲೆ ಗಂಗವ್ವ ಯಾರೂ ಇಲ್ಲವಾ."

ಇನ್ನೊಂದು ಎರೆಹೊಲ ಹೋಯಿತು ಎಂದುಕೊಂಡೆ.

"ಉಣಕಲ್ಲಿಗೆ ಕೊಟ್ಟಾಕಿ ನೀಲತ್ತಿ," ಎಂದರು ಶಿವಕ್ಕ. "ನಮ್ಮಪ್ಪನ ಅಕ್ಕ. ನೀಲವ್ವ. ಅಲ್ಲೆ ಅಕಿ ಅತ್ತಿ ಹೆಸರೂ ನೀಲವ್ವನ ಇತ್ತಂತ. ಹೆಂಡ್ತಿಗೆ ತಾಯಿ ಹೆಸರು ಹಿಡಿದು ಕರಿಯೂದು ಹೆಂಗ? ಏನೋ ಬ್ಯಾರೆ ಇಟ್ರಂತ. ಅದು ನಮಗ ಬೇಕಾಗಿಲ್ಲ, ನಮಗ ಅಕಿ ನೀಲತ್ತಿನ."

ನಾನು ಪೆನ್ಸಿಲ್ ತೆಗೆಯಲಿಲ್ಲ.

"ಪಂಚಮಿಗೆ ಬರತಿದ್ಲು," ಎಂದು ಅವರು ಕಿಟಕಿಗೆ ಹೇಳಿದರು. "ನಾ ಆಗ ಇಷ್ಟು ಇದ್ದೆ. ಬೇವಿನ ಗಿಡಕ್ಕ ಜೋಕಾಲಿ ಕಟ್ಟತಿದ್ರು. ನೀಲತ್ತಿ ಹತ್ತಿದ್ಲಂದ್ರ ಗಂಡಸರು ಹೊರಗ ಬಂದು ನೋಡಬೇಕು, ಅಷ್ಟು ಎತ್ತರ! ನಮ್ಮಾಯಿ ಕೆಳಗ ನಿಂತು ಚೀರತಿದ್ಲು, 'ನೀಲಾ, ಇಳಿಯs! ಎರಡು ಮಕ್ಕಳ ತಾಯಿ ಆಗೀದಿ, ಇಳಿಯs!' ಮ್ಯಾಲಿಂದ ನಗತಿದ್ಲು, ಇಳಿತಿದ್ದಿಲ್ಲ. ಮುಂದ ಹೊಲದ ಹಿಸ್ಸೆಕ್ಕ ಜಗಳ ಆತು. ಮನಿ ಒಡೀತು. ಅಕಿನ್ನ ಕರ್ಕೊಂಡು ಬರಾಕ ಯಾರೂ ಹೋಗ್ಲಿಲ್ಲ." ನನ್ನ ಕಡೆ ತಿರುಗಿದರು. "ನೀ ಅಕಿ ಕೂಡ ಬೆಳದಾಕಿ ಏನು?"

"ಇಲ್ರಿ," ಎಂದೆ. "ಸೂಟಿಗೆ ಬರತಿದ್ದೆ."

ಅಲ್ಲಿಂದ ಬರುವಾಗ ಬಸ್ಸಿನಲ್ಲಿ ಜಾಗ ಸಿಗದೆ ನಿಂತೇ ಬಂದೆ, ಗೊತ್ತಾಗಲಿಲ್ಲ. ಅಜ್ಜಿಯ ಹೆಸರು ನನ್ನಲ್ಲಿತ್ತು. ಉಣಕಲ್ಲಿನಲ್ಲಿ ಯಾರಲ್ಲಿಯೂ ಇರಲಿಲ್ಲ. ಒಂದು ವಾರ ಅದನ್ನು ಬಾಯಲ್ಲಿ ಕಲ್ಲುಸಕ್ಕರೆಯಂತೆ ಇಟ್ಟುಕೊಂಡಿದ್ದೆ. ಮುಂಜಾನೆ ಕಸ ಹೊಡೆಯುವಾಗ ಒಮ್ಮೆ 'ನೀಲಾ' ಎನ್ನುವುದು, ಅನ್ನಕ್ಕೆ ಇಡುವಾಗ ಒಮ್ಮೆ. ವಿಮಲಾಳಿಗೆ ಯಾವಾಗ, ಹೇಗೆ ಹೇಳಬೇಕೆಂದು ಪಕ್ಕಾ ಯೋಜನೆ ಮಾಡಿಕೊಂಡೆ. ಭಾನುವಾರ ಕೂಸಿಗೆ ಹೆಸರಿಟ್ಟು, ಊಟವಾಗಿ, ಎಲೆಯಡಿಕೆ ಹಾಕಿಕೊಂಡು, ಅವಳು ಗೋಡೆಗೆ ಒರಗಿ "ಅಜ್ಜಿ ಇರಬೇಕಿತ್ತು" ಎಂದು ಶುರು ಮಾಡುತ್ತಾಳಲ್ಲ, ಆಗ.

ಯೋಜನೆಯಂತೆ ಏನೂ ನಡೆಯಲಿಲ್ಲ. ಹನ್ನೆರಡರ ಸುಮಾರಿಗೆ ಓಣಿಯ ಹೆಂಗಸರೆಲ್ಲ ಸೇರಿದರು. ಕೂಸನ್ನು ತೊಟ್ಟಿಲಿಗೆ ಹಾಕಿಯಾಯಿತು. ಆದರೆ ಹೆಸರಿನ ತೀರ್ಮಾನವೇ ಆಗಿರಲಿಲ್ಲ. ಕವಿತಾಳ ಬಳಿ ಮೂರು ಹೊಸ ಹೆಸರುಗಳಿದ್ದವು. ಅವು ಯಾವುವೂ ವಿಮಲಾಳ ನಾಲಿಗೆಗೆ ಹತ್ತಲಿಲ್ಲ.

"ಇಲ್ಲೆ ನೋಡs ಕವಿತಾ," ಎಂದಳು ವಿಮಲಾ, "ಈ ಮನಿಗೆ ಹೆಣ್ಣ ಕೂಸು ಬಂದದ್ದು ಎಷ್ಟ ದಿವಸಕ್ಕ. ನಮ್ಮ ಅಜ್ಜಿ ಹೆಸರ ಇಡೂಣು. ಗಂಗಾ."

"ಗಂಗಾ ಬ್ಯಾಡ್ರಿ ಅತ್ತಿ, ಸಾಲ್ಯಾಗ ಹುಡುಗ್ರು ಕಾಡ್ತಾವ."

"ಯಾಕ ಕಾಡ್ತಾವ? ನಮ್ಮ ಅಜ್ಜಿ ಹೆಸರು ಐತಿ ಅದು!"

"ಅದು ಅಜ್ಜಿ ಹೆಸರಲ್ಲ," ಎಂದೆ ನಾನು.

ಹೇಳಬೇಕೆಂದು ಹೇಳಿದ್ದಲ್ಲ. ಬಾಯಿಯಿಂದ ಜಾರಿ ಬಿತ್ತು.

"ಏನಂದಿ?" ವಿಮಲಾ ನನ್ನ ಕಡೆ ತಿರುಗಿದಳು. "ಅಜ್ಜಿ ಹೆಸರು ನಂಗೊತ್ತಿಲ್ಲೇನ?"

"ನಿಂಗೊತ್ತಿಲ್ಲ ಬಿಡು."

ಆಹಾ. ಆ ಎರಡು ಶಬ್ದ ಹೇಳಲು ನಾನು ಎಷ್ಟು ಸೋಮವಾರ ಬಸ್ಸು ಹತ್ತಿದ್ದೆನೋ. ಆಮೇಲೆ ಎಲ್ಲವನ್ನೂ ಕ್ರಮವಾಗಿ ಹೇಳಿದೆ: ಅಣ್ಣಿಗೇರಿ, ಸೊಲ್ಲಾಪುರ, ಶಿವಕ್ಕ, ಒಂದೇ ಹೆಸರಿನ ಅತ್ತೆ ಸೊಸೆ, ಬೇವಿನ ಮರದ ಜೋಕಾಲಿ. ನೀಲವ್ವ. ನೀಲಾ.

ವಿಮಲಾ ತೊಟ್ಟಿಲಿನ ಪಕ್ಕ ನೆಲಕ್ಕೆ ಕುಳಿತಳು. "ಜೋಕಾಲಿ ಆಡ್ತಿದ್ಲಂತ?" ಎಂದಳು. "ನಾ ಜೋಕಾಲಿ ಹತ್ತಿದ್ರ, ಕಾಲ ಮುರಕೋತೀ ಇಳಿ ಅಂತ ಬೈತಿದ್ಲು ನಂಗ." ಸೆರಗಿನ ಚುಂಗು ಸುತ್ತಿದಳು. "ಅಕಿ ಸಾಯೂತನಕ ಅಕಿ ಬಗಲಾಗs ಮಲಗೇನಿ ಪ್ರಭಾ. ದಿನಾ ರಾತ್ರಿ ಏನೇನೋ ಹೇಳ್ತಿದ್ಲು. ಇದನ್ನ ಹೇಳಲಿಲ್ಲ ನೋಡು."

ಅವಳ ಮುಖದ ಮೇಲೆ ಇದ್ದದ್ದನ್ನು ನಾನು ಚೆನ್ನಾಗಿ ಗುರುತಿಸಬಲ್ಲೆ. ಅರವತ್ತು ವರ್ಷ ಅದನ್ನು ಕನ್ನಡಿಯಲ್ಲಿ ನೋಡಿದ್ದೇನೆ. ಶಿವಕ್ಕನ ಮೇಲೆ, ಜೋಕಾಲಿಯ ಮೇಲೆ, ನನ್ನ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಗಿತ್ತು. ಅವಳನ್ನು ಸಮಾಧಾನ ಮಾಡಬೇಕಾಗಿತ್ತು, ನಿಜ. ಆದರೆ ಮೊದಲು ನಾನು ಸ್ವಲ್ಪ ಹೊತ್ತು ಅದನ್ನು ನೋಡುತ್ತ ಕುಳಿತೆ. ಅದೂ ನಿಜ.

ನನ್ನ ಗೆಲುವು ಹೆಚ್ಚು ಹೊತ್ತು ಬಾಳಲಿಲ್ಲ. ವಿಮಲಾ ಮೂಗು ಒರೆಸಿಕೊಂಡು ಎದ್ದಳು. "ಕವಿತಾ, ನೀಲಾ ಅಂದ್ರ ನಡೀತೈತೇನ?"

ಕವಿತಾ ಒಮ್ಮೆ ಮೆಲ್ಲಗೆ ಅಂದು ನೋಡಿದಳು. "ನೀಲಾ. ಛಲೋ ಐತ್ರಿ ಅತ್ತಿ. ಸಣ್ಣದು. ಇಂಗ್ಲಿಷಿನ್ಯಾಗ ಬರ್ಯಾಕೂ ಹಗುರ."

ಆಯಿತು. ಎಂಟು ವರ್ಷ ಹುಡುಕಿ ತಂದದ್ದು ಕಣ್ಣು ಮಿಟುಕಿಸುವುದರೊಳಗೆ ಅವಳ ಮನೆಯ ತೊಟ್ಟಿಲಿಗೆ ಹೋಯಿತು. ಹೆಸರನ್ನು ಕೂಸಿನ ಕಿವಿಯಲ್ಲಿ ಹೇಳುವ ಹಕ್ಕು ಸೋದರತ್ತೆಯದು. ಶೈಲಾ ಬಗ್ಗಿ 'ಕುರ್ರ್' ಎಂದು ಊದಿ, "ನೀಲಾ" ಎಂದಳು. ಹೆಸರು ಹೇಳಿದವಳ ಬೆನ್ನಿಗೆ ಉಳಿದ ಹೆಂಗಸರು ಗುದ್ದು ಹಾಕುವುದು ನಮ್ಮ ಪದ್ಧತಿ. ಓಣಿಯ ಹೆಂಗಸರು ಸುತ್ತುವರಿದು ಶೈಲಾಳ ಬೆನ್ನಿಗೆ ಗುದ್ದಿದರು, ಅವಳು "ಸಾಕ್ರೇ, ಸಾಯ್ತೇನಿ!" ಎಂದು ಕಿರುಚಿ ನಕ್ಕಳು. ನಾನು ಪಕ್ಕದಲ್ಲೇ ನಿಂತಿದ್ದೆ, ಬೆನ್ನು ಸ್ವಲ್ಪ ತಿರುಗಿಸಿಕೊಂಡೇ ನಿಂತಿದ್ದೆ ಎಂದು ಕಾಣುತ್ತದೆ. ಯಾರಿಗೂ ನನ್ನ ನೆನಪಾಗಲಿಲ್ಲ. ಏಟಿಗಾಗಿಯೂ ಹೊಟ್ಟೆಕಿಚ್ಚು ಪಡುವ ಮುದುಕಿಯನ್ನು ನೀವು ಕಂಡಿರಲಿಕ್ಕಿಲ್ಲ.

ಊಟವಾದ ಮೇಲೆ ವಿಮಲಾ ಒಂದು ಡಬ್ಬಿಯ ತುಂಬ ಗುಗ್ಗರಿ ತುಂಬಿ ಕೊಟ್ಟಳು. ತೊಟ್ಟಿಲಿನ ದಿನ ಬೇಯಿಸಿದ ಕಾಳನ್ನು ಎಲ್ಲರಿಗೂ ಹಂಚಬೇಕು. "ಇದನ್ನ ಆ ಶಿವಕ್ಕಗ ಕೊಡು. ಮುಂದಿನ ವಾರ ನಾನೂ ಬರ್ತೇನಿ ನೋಡು, ಆಕಿ ಕೂಡ ಕೂತು ಮಾತಾಡಬೇಕು."

ಮುಂದಿನ ವಾರ ಇವಳು ಬಂದರೆ ಏನಾಗುತ್ತದೆಂದು ನನಗೆ ಗೊತ್ತು. ಶಿವಕ್ಕ ಕಿಟಕಿ ಬಿಟ್ಟು ಇವಳ ಕಡೆ ತಿರುಗಿ ಕೂಡುತ್ತಾರೆ. ಉಪ್ಪಿನಕಾಯಿ ಹೋಗುತ್ತದೆ, ಮೆಂತ್ಯದ ಹಿಟ್ಟು ಬರುತ್ತದೆ, ನಾನು ಮತ್ತೆ ಗಾದಿಯ ಮೇಲೆ. ಅದಕ್ಕೇ ಸಂಜೆಯಾಗುವುದರೊಳಗೆ, ಒಬ್ಬಳೇ, ಡಬ್ಬಿ ಹಿಡಿದುಕೊಂಡು ಧಾರವಾಡದ ಬಸ್ಸು ಹತ್ತಿದೆ.

ಶಿವಕ್ಕ ಅದೇ ಕಿಟಕಿಯ ಬಳಿ ಇದ್ದರು. "ತೊಟ್ಟಲಕ್ಕ ಹಾಕಿದ್ವಿ," ಎಂದೆ. "ನೀಲಾ ಅಂತ ಇಟ್ವಿ."

"ಯಾರ ಮನಿ ಕೂಸಿಗೆ?"

ಕಾಕಾನ ಮಗಳ ಮಗನ ಮಗಳು ಎಂದು ಸರಿಯಾದ ಸಂಬಂಧವನ್ನು ಹೇಳಲು ಬಾಯಿ ತೆರೆದೆ.

"ನಮ್ಮ ಮನಿ ಕೂಸಿಗ್ರಿ," ಎಂದೆ.

ಅವರು ತಲೆಯಾಡಿಸಿದರು. "ಹೆಸರು ಒಯ್ದು ಕೊಟ್ಟಾಕಿ ನೀ ಅಲ್ಲೇನು? ಗುದ್ದು ಹಾಕಿದ್ರೋ ಇಲ್ಲೋ ನಿಂಗ?"

"ಇಲ್ರಿ."

"ಅದೆಂಥ ಮಂದಿನs ಅವ್ವಾ! ಬಾ ಇಲ್ಲೆ. ಬಗ್ಗು."

ಬಗ್ಗಿದೆ. ಆ ಕೈಯಲ್ಲಿ ಅಷ್ಟು ಬಲ ಉಳಿದಿದ್ದೀತೆಂದು ನಾನು ಎಣಿಸಿರಲಿಲ್ಲ. ಮೂರು ಗುದ್ದು ಸರಿಯಾಗಿ ಬಿದ್ದವು.

ಅವರಿಗೆ ಹಲ್ಲಿಲ್ಲವಾದ್ದರಿಂದ ಗುಗ್ಗರಿಯನ್ನು ಬಟ್ಟಲಲ್ಲಿ ಹಾಕಿ, ಬಿಸಿನೀರು ಬಿಟ್ಟು, ಚಮಚೆಯಿಂದ ಮೆತ್ತಗೆ ಅರೆದೆ. ಸ್ವಲ್ಪ ಬೆಲ್ಲ ಕೂಡಿಸಿ ತಿನ್ನಿಸಿದೆ. ಬಾಯಿ ಒರೆಸಿ, ಬಟ್ಟಲು, ಚಮಚೆ, ವಿಮಲಾಳ ಡಬ್ಬಿ ಮೂರನ್ನೂ ತೊಳೆದೆ. ಬಟ್ಟಲನ್ನು ಅದರ ಜಾಗದಲ್ಲಿ ಬೋರಲು ಹಾಕಿ, ಡಬ್ಬಿಯನ್ನು ಒರೆಸಿ ಚೀಲದಲ್ಲಿ ಇಟ್ಟುಕೊಂಡೆ.